ದೀಪಾವಳಿಯ ತನಕ ಮಾತ್ರ

ಜೂನ್ 9, ಸೋಮವಾರ

ಮುಂಬೈಗೆ ಬಂದು ಒಂದು ವಾರವಾಯಿತು. ಈ ಊರಿನ ಮೇಲೆ ನನಗಿರುವ ಆಕ್ಷೇಪಣೆಗಳನ್ನು ದಿನಾಂಕ ಸಮೇತ ಬರೆದಿಡಲು ಈ ದಿನಚರಿ. ನನ್ನ ನೆನಪಿನ ಶಕ್ತಿ ಧಾರವಾಡದಲ್ಲಿ ಹೆಸರಾದದ್ದು. ಜೀವಮಾನವಿಡೀ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದೆ, ಒಮ್ಮೆಯೂ ಕೈಯಲ್ಲಿ ಚೀಟಿ ಹಿಡಿಯಲಿಲ್ಲ. ಆದರೆ ಇಲ್ಲಿ ಆಕ್ಷೇಪಣೆಗಳು ಹುಟ್ಟುವ ವೇಗಕ್ಕೆ ಯಾರ ನೆನಪೂ ಸಾಲದು.

ಮೊದಲನೆಯದು ನೀರು. ಬೆಳಿಗ್ಗೆ ಆರಕ್ಕೆ ಬರುತ್ತದೆ, ಮುಕ್ಕಾಲು ಗಂಟೆಯಲ್ಲಿ ನಿಲ್ಲುತ್ತದೆ. ಇದೇನು ನೀರೋ ರೇಡಿಯೋ ಕಾರ್ಯಕ್ರಮವೋ? ಧಾರವಾಡದ ನಮ್ಮ ಓಣಿಯಲ್ಲಿ ಐದು ದಿನಕ್ಕೊಮ್ಮೆ ಬರುತ್ತಿತ್ತು, ನಿಜ. ಆದರೆ ಬಂದ ದಿನ ತೃಪ್ತಿಯಾಗುವಷ್ಟು ಬರುತ್ತಿತ್ತು. ಅದರಲ್ಲೊಂದು ಗಾಂಭೀರ್ಯವಿತ್ತು.

ಎರಡನೆಯದು: ಎದುರು ಮನೆಯವರು, ಕಿರಾಣಿ ಅಂಗಡಿಯವರು, ವಾಚ್‌ಮನ್, ಎಲ್ಲರೂ ಮೊದಲ ಮಾತಿಗೇ “ಆಪ್ ಮದ್ರಾಸಿ ಹೈ?” ಎನ್ನುತ್ತಾರೆ. 1956ರ ತನಕ ಧಾರವಾಡ ಈ ಮುಂಬೈ ರಾಜ್ಯದಲ್ಲೇ ಇತ್ತು, ನಮ್ಮಜ್ಜನ ಮ್ಯಾಟ್ರಿಕ್ ಸರ್ಟಿಫಿಕೇಟಿನ ಮೇಲೆ ಈ ಊರಿನದೇ ಮುದ್ರೆ ಇದೆ, ಆದ್ದರಿಂದ ನಾನು ಹೊರಗಿನವನಲ್ಲ, ತಡವಾಗಿ ಬಂದ ಒಳಗಿನವನು ಎಂದು ವಾಚ್‌ಮನ್‌ಗೆ ವಿವರಿಸಿದೆ. ಅವನು ತಾಳ್ಮೆಯಿಂದ ಕೇಳಿ, “ಹಾಂ, ಮದ್ರಾಸ್ ಕೆ ಪಾಸ್” ಎಂದ.

ಬಂದದ್ದು ಯಾಕೆ ಎಂಬುದನ್ನೂ ಬರೆದಿಡಬೇಕು. ನನ್ನ ಹೆಂಡತಿ ನೀಲಾವತಿ ಗೋಡೆಗೆ ಹಚ್ಚುವ ಬಣ್ಣ ತಯಾರಿಸುವ ಕಂಪನಿಯೊಂದರಲ್ಲಿ ಕೆಮಿಸ್ಟು. ಧಾರವಾಡದ ಘಟಕದಲ್ಲಿದ್ದವಳನ್ನು ವಿಕ್ರೋಳಿಯ ಪ್ರಯೋಗಾಲಯಕ್ಕೆ ಮುಖ್ಯಸ್ಥೆಯಾಗಿ ಕರೆಸಿಕೊಂಡಿದ್ದಾರೆ. ಖಾಯಂ ಆಗಿ ಇಲ್ಲೇ ಇರುತ್ತಾಳೋ ಇಲ್ಲವೋ ಎಂದು ಅಕ್ಟೋಬರ್ ಕೊನೆಯ ವಾರದಲ್ಲಿ ಹೇಳಬೇಕು. ಮಲಾಡಿನ ಈ ಫ್ಲಾಟು ಅವಳ ಸೋದರತ್ತೆ ಅವಳ ಹೆಸರಿಗೆ ಬಿಟ್ಟುಹೋದದ್ದು. ನಾನು ನಿವೃತ್ತ. ಹೀಗಾಗಿ ಸಾಮಾನಿನ ಜೊತೆ ನಾನೂ ಬಂದೆ. ದೀಪಾವಳಿಯ ತನಕ ಮಾತ್ರ ಎಂದು ಮಾತಾಗಿದೆ. ನನಗೆ ಒಗ್ಗದಿದ್ದರೆ ವಾಪಸು.

“ಎರಡು ಮನಿ ಮಾಡೂದು ಬ್ಯಾಡ್ರಿ,” ಎಂದಳು ನೀಲಾ. “ಇದ್ರ ಇಬ್ಬರೂ ಇರೂಣು. ನೀವು ಹೊಂಟ್ರ ನಾನೂ ಇವರಿಗೆ ಆಗೂದಿಲ್ಲಂತ ಹೇಳಿ ಬಂದುಬಿಡ್ತೀನಿ.”

ನ್ಯಾಯವಾದ ಮಾತು. ಮದುವೆಯಾದ ಮೇಲೆ ನನ್ನ ವರ್ಗಾವಣೆಗಳಿಂದಾಗಿ ಎಂಟು ಊರು ಬದಲಿಸಿದ್ದೇವೆ. ಒಂದರಲ್ಲೂ ಆಕೆ ತಕರಾರು ಮಾಡಿದ್ದು ನನ್ನ ನೆನಪಿನಲ್ಲಿಲ್ಲ.

ಜೂನ್ 12, ಗುರುವಾರ

ಕನ್ನಡ ಪೇಪರು ಸಿಗುತ್ತದೇನೋ ನೋಡಲು ಲೋಕಲ್‌ನಲ್ಲಿ ದಾದರಿಗೆ ಹೋದೆ. ಪುಣ್ಯಕ್ಕೆ ಸೀಟು ಸಿಕ್ಕಿತು. ಕೂತ ಅರೆಕ್ಷಣದಲ್ಲಿ ನಿಂತಿದ್ದ ಅಪರಿಚಿತನೊಬ್ಬ ಬಗ್ಗಿ, “ಅಂಕಲ್, ಕಿಧರ್ ಉತರೋಗೆ?” ಎಂದು ಕೇಳಿದ. ಎಲ್ಲಿ ಇಳಿಯುತ್ತೀರಿ ಅಂತ! ಗುರುತಿಲ್ಲ ಪರಿಚಯವಿಲ್ಲ, ನನ್ನ ಪ್ರಯಾಣದ ವಿವರ ಇವನಿಗೇಕೆ? ನಾನು ಎಲ್ಲಿ ಇಳಿಯುತ್ತೇನೆಂಬುದು ನನ್ನ ಖಾಸಗಿ ವಿಷಯ ಎಂದು ಸ್ಪಷ್ಟವಾದ ಹಿಂದಿಯಲ್ಲಿ ಹೇಳಿದೆ. ಆಮೇಲೆ ಇನ್ನೊಬ್ಬ ಕೇಳಿದ. ಅವನಿಗೆ ಸಂವಿಧಾನವನ್ನೂ ಉಲ್ಲೇಖಿಸಿದೆ. ಮೂರನೆಯವನು ಕೇಳುವ ಮೊದಲೇ ಮೊದಲಿನವನು ಅವನ ಕಿವಿಯಲ್ಲಿ ಏನೋ ಹೇಳಿದ. ಬೋಗಿಯೇ ನನ್ನನ್ನು ಕರುಣೆಯಿಂದ ನೋಡಿತು.

ಸಂಜೆ ನೀಲಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇಲ್ಲಿ ಅದು ಪದ್ಧತಿಯಂತೆ. ನೀವು ಅಂಧೇರಿ ಎಂದರೆ ಅಂಧೇರಿಯಿಂದ ಆ ಸೀಟು ಕೇಳಿದವನದು. ಯಾರೂ ಬರೆದಿಲ್ಲ, ಯಾರೂ ಮೀರುವುದಿಲ್ಲ. “ನಾನು ದಿನಾ ಮೂರು ಗಾಡಿ ಬದಲಿ ಮಾಡ್ತೀನ್ರಿ. ಲೇಡೀಸ್ ಡಬ್ಬಿನಾಗ ಮೊದಲು ಕಲಿತ ಮಾತೇ ಇದು,” ಎಂದಳು.

ಸಾರ್ವಜನಿಕ ಆಸನವನ್ನು ಖಾಸಗಿಯಾಗಿ ಉಯಿಲು ಬರೆಯುವ ಪದ್ಧತಿ! ಪೋರ್ಚುಗೀಸರೂ ಇಂಗ್ಲಿಷರೂ ಊರನ್ನೇ ವರದಕ್ಷಿಣೆಯಾಗಿ ಕೊಟ್ಟು ತೆಗೆದುಕೊಂಡ ಜಾಗವಿದು, ಇನ್ನೇನು ನಿರೀಕ್ಷಿಸುವುದು.

ಪೇಪರು ಸಿಕ್ಕಿತು. ನಿನ್ನೆಯದು.

ಜೂನ್ 18, ಬುಧವಾರ

ಕೆಲಸಕ್ಕೆ ಶೀತಲ ಎಂಬಾಕೆ ಬರುತ್ತಿದ್ದಾಳೆ. ಕೆಲಸದವಳು ಎನ್ನುವುದಕ್ಕಿಂತ ತಾಲ್ಲೂಕು ಅಧಿಕಾರಿ ಎನ್ನುವುದು ಸರಿ. ಬೆಲ್ ಒತ್ತುವುದಿಲ್ಲ, ಒತ್ತಿ ಹಿಡಿದಿರುತ್ತಾಳೆ. ನಾನು ಓದುತ್ತಾ ಕೂತಿದ್ದರೆ ಪೊರಕೆಯೊಂದಿಗೆ ಬಂದು, “ಕಾಕಾ, ಪಾಯ್ ವರ್!” ಕಾಲು ಮೇಲೆತ್ತಬೇಕು. ಎತ್ತಿದೆ. ಕೆಳಗಿಳಿಸಲು ಆಕೆ ಹೇಳಲಿಲ್ಲ, ಮರೆತು ಅಡುಗೆಮನೆಗೆ ಹೋದಳು. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ.

ಮೂವತ್ತು ತಂಡ ಬಿ.ಎ. ವಿದ್ಯಾರ್ಥಿಗಳು ನನ್ನೆದುರು ಉಸಿರು ಬಿಡಲು ಹೆದರುತ್ತಿದ್ದರು.

ಜುಲೈ 3, ಗುರುವಾರ

ಬಚ್ಚಲುಮನೆಯ ಚಾವಣಿ ಸೋರುತ್ತಿದೆ. ಮೇಲಿನ ಫ್ಲಾಟಿನ ಪೈಪಿನದೋ, ಆಕಾಶದ್ದೋ ತಿಳಿಯದು. ಸೊಸೈಟಿಯ ಸೆಕ್ರೆಟರಿ ಹಿತೇಶ್ ಭಾಯಿಯನ್ನು ಕಾಣಲು ಹೋದೆ. ಮೆಟ್ಟಿಲ ಮೇಲೆ ನನ್ನನ್ನು ಕಂಡದ್ದೇ ಎರಡು ಕೈ ಜೋಡಿಸಿ, “ಬಾರಿಶ್ ಹೈ ನ, ಪ್ರೊಫೆಸರ್ ಸಾಬ್” ಎಂದು ನಡೆದುಬಿಟ್ಟರು. ಮಳೆಗಾಲದಲ್ಲಿ ಸೋರುತ್ತದೆ, ಬೇಸಿಗೆಯಲ್ಲಿ ನಿಲ್ಲುತ್ತದೆ, ಇದೇ ಇವರ ಆಡಳಿತ ಶಾಸ್ತ್ರ.

ವಾಚ್‌ಮನ್‌ನ ಗೂಡಿನಲ್ಲಿ ದೂರು ಪುಸ್ತಕವಿದೆ ಎಂದು ತಿಳಿಯಿತು. ಧೂಳು ಹೊಡೆದು ತೆರೆದೆ. ಒಳಗೆ ಯಾವುದೋ ಮಗು ಬಿಡಿಸಿದ ಆನೆಯ ಚಿತ್ರ ಬಿಟ್ಟರೆ ಎಲ್ಲಾ ಖಾಲಿ. ನಾಗರಿಕ ಪ್ರಜ್ಞೆ ಎಂಬುದೇ ಇಲ್ಲದ ಕಟ್ಟಡ! ಮೂರು ಪುಟ ಬರೆದೆ. ಹರಪ್ಪದವರಿಗೆ ಬಚ್ಚಲು ನೀರು ಎತ್ತ ಹೋಗಬೇಕೆಂದು ಗೊತ್ತಿತ್ತು ಎಂಬಲ್ಲಿಂದ ಆರಂಭಿಸಿದೆ.

ಜುಲೈ 10, ಗುರುವಾರ

ಹಿತೇಶ್ ಭಾಯಿಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಇಂದು ತಾವೇ ಮನೆಗೆ ಬಂದರು. ನನ್ನ ದೂರನ್ನು ಎರಡು ಸಲ ಓದಿದರಂತೆ. “ಕ್ಯಾ ಲಿಖಾ ಹೈ! ಕ್ಯಾ ಹ್ಯಾಂಡ್‌ರೈಟಿಂಗ್!” ಎಂದು ನನ್ನನ್ನೇ ನೋಡುತ್ತಾ ಕೂತರು, ಮಗಳಿಗೆ ವರ ನೋಡಲು ಬಂದವರ ಹಾಗೆ. ಸೋರುವುದರ ಬಗ್ಗೆ ಮಾತು ತೆಗೆದರೆ, ಅದಕ್ಕಿಂತ ಮೊದಲು ನಿಮಗೆ ಅಧಿಕೃತವಾಗಿ ದೂರು ಕೊಡುವ ಹಕ್ಕು ಬೇಕಲ್ಲ ಎಂದರು. ಫ್ಲಾಟು ನೀಲಾಳ ಹೆಸರಿನಲ್ಲಿದೆ. ನಾನು ಸಹಸದಸ್ಯ ಆಗಬೇಕು. ಅರ್ಜಿಯನ್ನೂ ತಂದಿದ್ದರು, ಪೆನ್ನನ್ನೂ ತಂದಿದ್ದರು. ನೀಲಾ ಸಹಿ ಹಾಕಿದಳು. ಹೋಗುವಾಗ ಸೊಸೈಟಿಯ ನಿಯಮಾವಳಿಯ ಪುಸ್ತಕವನ್ನು ಉಡುಗೊರೆಯಾಗಿ ಕೊಟ್ಟರು. ಯಾರೂ ಓದದ್ದರಿಂದ ಹಾಳೆಗಳು ಇನ್ನೂ ಅಂಟಿಕೊಂಡಿದ್ದವು.

ಒಬ್ಬ ಆಡಳಿತಗಾರ ತನ್ನ ಟೀಕಾಕಾರನಿಗೇ ಆಯುಧ ಕೊಡುವುದು! ಇಂಥ ಪ್ರಜಾಪ್ರಭುತ್ವದ ಮನೋಭಾವ ಈ ಊರಿನಲ್ಲಿ ನಿರೀಕ್ಷಿಸಿರಲಿಲ್ಲ.

ಸೋರುವುದು ನಿಂತಿಲ್ಲ.

ಜುಲೈ 21, ಸೋಮವಾರ

ಮಳೆ. ರೈಲು ನಿಂತಿವೆ. ನೀಲಾ ವಿಕ್ರೋಳಿಯಲ್ಲೇ ಸಹೋದ್ಯೋಗಿಯ ಮನೆಯಲ್ಲಿ ಉಳಿದಳು. ಹಿತೇಶ್ ಭಾಯಿಯ ಮನೆಯಿಂದ ಖಿಚಡಿ, ಕಢಿ ಬಂತು. ಕಢಿಗೆ ಸಕ್ಕರೆ ಹಾಕಿದ್ದರು. ಆಕ್ಷೇಪಣೆ ಬರೆಯಬೇಕೆಂದುಕೊಂಡೆ. ಬಿಸಿಯಾಗಿತ್ತು, ಪೂರ್ತಿ ಉಂಡೆ.

ಆಗಸ್ಟ್ 10, ಭಾನುವಾರ

ಸ್ಟೇಷನ್ ರೋಡಿನಲ್ಲಿ ಕನ್ನಡ ಕೇಳಿಸಿತು! ಉಡುಪಿಯ ಕಡೆಯ ದೂಜ ಪೂಜಾರಿಯವರ ಹೋಟೆಲು. ಗಲ್ಲಾದ ಮೇಲೆ ಕೂತು ಒಂದೇ ಉಸಿರಿನಲ್ಲಿ ತುಳುವಿನಲ್ಲಿ ಬೈದು, ಮರಾಠಿಯಲ್ಲಿ ಚಿಲ್ಲರೆ ಕೊಟ್ಟು, ನನಗೆ ಕನ್ನಡದಲ್ಲಿ “ಬನ್ನಿ, ಕೂತ್ಕೊಳ್ಳಿ” ಎಂದರು. ಸಂತೋಷದಿಂದ ಕೂತೆ. ಸಾಂಬಾರಿಗೆ ಬೆಲ್ಲ ಹಾಕಿದ್ದರು. ಸಂತೋಷ ಇಳಿಯಿತು.

“ಸಾಂಬಾರು ಖಾರ ಇರಬೇಕ್ರಿ, ಪಾಯಸ ಬ್ಯಾರೆ ಅದ,” ಎಂದೆ.

“ಧಾರವಾಡದವರಾ? ಹಾಗಾದ್ರೆ ನಿಮ್ಗೆ ಬೇರೆ ಚಟ್ನಿಪುಡಿ ಇಡ್ಬೇಕು,” ಎಂದರು ಬೇಸರಿಸದೆ. “ಎಷ್ಟು ಸಮಯಕ್ಕೆ ಬಂದದ್ದು ಮಾಷ್ಟ್ರೆ?”

“ದೀಪಾವಳಿ ತನಕ ಮಾತ್ರ.”

“ಹೌದಾ? ನಾನೂ ಒಂದು ದೀಪಾವಳಿ ತನಕ ಅಂತ್ಲೇ ಬಂದದ್ದು.”

“ಯಾವ ದೀಪಾವಳಿ?”

“ಅದೇ ಬರ್ಲಿಲ್ಲ ಮಾರಾಯ್ರೆ ಇನ್ನೂ,” ಎಂದು ಮುಂದಿನವರ ಬಿಲ್ಲು ತೆಗೆದುಕೊಂಡರು.

ಇಂಥ ಮೈಗಳ್ಳ ಉತ್ತರಗಳಿಂದಲೇ ಜನ ಇಲ್ಲಿ ಸಿಕ್ಕಿಬೀಳುವುದು. ನಾಳೆಯೂ ಹೋಗಿ ಸಾಂಬಾರಿನ ವಿಷಯ ಇತ್ಯರ್ಥ ಮಾಡಬೇಕು.

ಆಗಸ್ಟ್ 25, ಸೋಮವಾರ

ಬುಕಿಂಗ್ ತೆರೆದ ದಿನವೇ ಟಿಕೆಟ್ ತೆಗೆದೆ. ಅಕ್ಟೋಬರ್ 24, ಶುಕ್ರವಾರ, ದಾದರಿನಿಂದ ರಾತ್ರಿ ಒಂಬತ್ತೂವರೆಗೆ ಧಾರವಾಡದ ರೈಲು. ಕೆಳಗಿನ ಬರ್ತ್. ದೀಪಾವಳಿ ಮುಗಿಸಿ ಹೊರಟಂತಾಗುತ್ತದೆ, ಆಡಿದ ಮಾತೂ ಉಳಿಯುತ್ತದೆ. ನಾನು ಮೊದಲು ಹೋಗಿ ಮನೆ ಸರಿಮಾಡುವುದು, ನೀಲಾ ಕೆಲಸ ಒಪ್ಪಿಸಿ ಹಿಂದಿನಿಂದ ಬರುವುದು.

ಊಟಕ್ಕೆ ಕೂತಾಗ ಹೇಳಿದೆ. ನೀಲಾ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಆಮೇಲೆ, “ಆತು. ನಾನೂ ಇಪ್ಪತ್ತೈದಕ್ಕ ಆಫೀಸಿನಾಗ ಹೇಳಬೇಕು. ನೀವು ಗಾಡಿ ಹತ್ತಿದ ಮರುದಿನಾನ ಹೇಳ್ತೀನಿ,” ಎಂದಳು.

“ನಿನಗೇನರ ಬ್ಯಾಸರೇನು?”

“ಲ್ಯಾಬ್ ಛಂದ ಅದ್ರಿ. ಹನ್ನೆರಡು ಮಂದಿ ಹುಡುಗೂರು, ಎಲ್ಲಾರೂ ಮೇಡಂ ಮೇಡಂ ಅಂತಾವ. ಒಂದು ಹೊಸಾ ಹಳದಿ ಮಾಡಾಕತ್ತೀವಿ, ಮಳೀಗೆ ಮಾಸಬಾರದಂಥಾದ್ದು.” ಅಷ್ಟು ಹೇಳಿ ಮಜ್ಜಿಗೆ ಬಡಿಸಿದಳು. “ಇರ್ಲಿ ಬಿಡ್ರಿ. ಇಳಕಲ್‌ನಾಗೂ ಮೊದಲ ನಾಕು ತಿಂಗಳು ದಿನಾ ಅಳತಿದ್ದೆ. ಆಮ್ಯಾಲ ರೂಢಿ ಆತು. ರೂಢಿ ಆಗೂದ್ರಾಗ ನಿಮಗ ಹಾವೇರಿಗೆ ವರ್ಗ ಆತು.”

ಇದು ನನ್ನ ನೆನಪಿನಲ್ಲಿಲ್ಲ. ಇಳಕಲ್ಲಿನ ಮನೆಯ ಬಾಡಿಗೆ ನೆನಪಿದೆ, ಪ್ರಿನ್ಸಿಪಾಲರ ಕೋಟಿನ ಬಣ್ಣ ನೆನಪಿದೆ, ಲೈಬ್ರರಿಯಲ್ಲಿ ಯಾವ ಕಪಾಟಿಗೆ ಗೆದ್ದಲು ಹಿಡಿದಿತ್ತೆಂಬುದೂ ನೆನಪಿದೆ. ಆಕೆ ಅತ್ತದ್ದು ಎಲ್ಲಿ? ಅದು ಎರಡೇ ಖೋಲಿಯ ಮನೆ.

ಟಿಕೆಟ್ಟಿನ ದಿನ ನೆನಪು ಮಾಡು ಎಂದು ನೀಲಾಳಿಗೆ ಹೇಳಿದೆ. ಹಾಗೇ, ಔಪಚಾರಿಕವಾಗಿ. ನನಗೆ ಅದರ ಅಗತ್ಯವಿಲ್ಲ.

ಸೆಪ್ಟೆಂಬರ್ 11, ಗುರುವಾರ

ಸೋರುವುದು ನಿಂತಿತು! ಹಿತೇಶ್ ಭಾಯಿಯನ್ನು ನಂಬಿ ಕೂರದೆ ನಾನೇ ಪ್ಲಂಬರ್ ಹುಡುಕಿದೆ. ಸಿಕಂದರ, ವಿಜಯಪುರದ ಕಡೆಯವನು. ಭಾಷೆ ನಮ್ಮದೇ, ಸಮಯಪಾಲನೆ ಈ ಊರಿನದು. ಮೂರು ದಿನ ಫೋನ್ ಮಾಡಿದೆ. ಪ್ರತಿ ಸಲವೂ, “ರಸ್ತೇದಾಗ ಅದೀನ್ರಿ ಸರ, ಬಂದ್ನಿ!” ಹಿಂದಿನಿಂದ ಒಗ್ಗರಣೆ ಸಿಡಿಯುವ ಸದ್ದು, ಮಗು ಅಳುವ ಸದ್ದು. ಯಾವ ರಸ್ತೆಯಲ್ಲಿ ಒಗ್ಗರಣೆ ಹಾಕುತ್ತಾರೆ?

ನಾಲ್ಕನೆಯ ದಿನ ಬಂದ. ಮೇಲಿನ ಮನೆಯವರ ಪೈಪು ಬದಲಿಸಿದ. ಚಹಾ ಕುಡಿಯುತ್ತಾ, “ಸರ, ನಿಮ್ಮಂಥಾ ಬೈಯ್ಯೋ ಮಂದಿ ಸಿಗೂದು ಕಷ್ಟರಿ ಇಲ್ಲಿ. ಎಲ್ಲಾರೂ ಫೋನ್ ಇಟ್ಟುಬಿಡ್ತಾರ. ಊರಿನ ನೆನಪಾತು,” ಎಂದ. ನಂಬರು ಉಳಿಸಿಕೊಂಡಿದ್ದೇನೆ. ಈಗ ಮೂರನೇ ಮಹಡಿಯವರೂ ಅವನ ನಂಬರು ಕೇಳಿದರು, ಕೆಳಗಿನ ಮನೆಯವರೂ ಕೇಳಿದರು. ಒಬ್ಬರಿಗಂತೂ ನಾನೇ ನಿಂತು ಮಾಡಿಸಿಕೊಟ್ಟೆ. ಹೋಗುವವನಿಗೆ ಇದೆಲ್ಲ ಯಾಕೆ ಎನ್ನಬಹುದು. ಎದುರಿಗೆ ತಪ್ಪು ನಡೆಯುವಾಗ ಸುಮ್ಮನಿರಲಾಗುವುದಿಲ್ಲ, ಅಷ್ಟೆ.

ಸೆಪ್ಟೆಂಬರ್ 27, ಶನಿವಾರ

ನಾಳೆ ಸೊಸೈಟಿಯ ವಾರ್ಷಿಕ ಸಭೆ. ಹೊರಡುವ ಮುನ್ನ ಒಂದು ಸಲ, ಒಂದೇ ಸಲ, ಈ ಕಟ್ಟಡಕ್ಕೆ ಸತ್ಯವನ್ನು ಹೇಳಿಯೇ ಹೋಗಬೇಕು. ಕಳೆದುಕೊಳ್ಳುವುದೇನೂ ಇಲ್ಲದವನೇ ನಿರ್ಭಯವಾಗಿ ಮಾತಾಡಬಲ್ಲ. ನಿಯಮಾವಳಿಯನ್ನು ಪೂರ್ತಿ ಓದಿದ್ದೇನೆ, ಅಂಟಿದ ಹಾಳೆಗಳನ್ನು ಚಾಕುವಿನಿಂದ ಬಿಡಿಸಿ.

ಬೆಳಿಗ್ಗೆ ಹೋಟೆಲಿನಲ್ಲಿ ದೂಜರಿಗೆ ಹೇಳಿದೆ. ಅವರು ಬಿಲ್ಲಿನ ಕಟ್ಟು ಕೆಳಗಿಟ್ಟರು.

“ಬೇಡ ಮಾಷ್ಟ್ರೆ. ನಾನು ಹೇಳ್ತೇನೆ ಕೇಳಿ. ಮೀಟಿಂಗಿಗೆ ಹೋಗಿ, ಸಮೋಸ ತಿನ್ನಿ, ಮೇಲೆ ನೋಡಿ, ಬನ್ನಿ. ಬಾಯಿ ಮಾತ್ರ ತೆರೀಬೇಡಿ.”

“ಯಾಕ್ರಿ, ಹೊಡೀತಾರೇನು?”

“ಹೊಡೆದ್ರೆ ಒಳ್ಳೇದಿತ್ತು.”

ಅಂಜುಬುರುಕತನ. ವ್ಯಾಪಾರಸ್ಥರ ಸ್ವಭಾವವೇ ಹಾಗೆ.

ಸೆಪ್ಟೆಂಬರ್ 28, ಭಾನುವಾರ

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಸಭೆ ಕೆಳಗಿನ ಪಾರ್ಕಿಂಗ್ ಜಾಗದಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು, ಪೇಪರ್ ಪ್ಲೇಟಿನಲ್ಲಿ ಸಮೋಸ. ಜನ ಹಿಂದಿನ ಸಾಲಿನಿಂದ ತುಂಬತೊಡಗಿದರು. ಮುಂದಿನ ಸಾಲಿನಲ್ಲಿ ನಾನೊಬ್ಬನೇ. ವರದಿ ಓದುವಾಗ ಎಲ್ಲರೂ ಫೋನು ನೋಡುತ್ತಿದ್ದರು. “ಯಾರಿಗಾದರೂ ಏನಾದರೂ ಹೇಳುವುದಿದೆಯೇ?” ಎಂದು ಹಿತೇಶ್ ಭಾಯಿ ಕೇಳಿದರು. ಈಗ ಯೋಚಿಸಿದರೆ, ಕೇಳುವಾಗ ಅವರು ನನ್ನ ಕಡೆಗೇ ತಿರುಗಿದ್ದರು.

ಎದ್ದೆ. ಹಿಂದಿಯಲ್ಲಿ ಆರಂಭಿಸಿ, ಇಂಗ್ಲಿಷಿಗೆ ಹೋಗಿ, ಸಿಟ್ಟು ಬಂದಲ್ಲೆಲ್ಲ ಕನ್ನಡಕ್ಕೆ ಬಂದೆ. ಎರಡು ವರ್ಷದಿಂದ ನೆಲಮಾಳಿಗೆಯ ನೀರಿನ ಟ್ಯಾಂಕು ತೊಳೆದಿಲ್ಲ. ಪಂಪ್ ಕೋಣೆಯಲ್ಲಿ ಪಾರಿವಾಳಗಳು ಸಂಸಾರ ಹೂಡಿವೆ. ಅಂಗಳದಲ್ಲಿದ್ದ ಬೆಂಚನ್ನು ಸ್ಕೂಟರ್ ನಿಲ್ಲಿಸಲು ಕಿತ್ತುಹಾಕಿದ್ದಾರೆ, ಮುದುಕರು ಕೂರುವುದೆಲ್ಲಿ? ವಿಜಯನಗರದ ಅರಸರು ಐದು ನೂರು ವರ್ಷದ ಹಿಂದೆ ಕಲ್ಲಿನ ಕಾಲುವೆಯಲ್ಲಿ ನೀರು ತಂದರು, ನಿಮಗೆ ಕೊಳಾಯಿಯಲ್ಲಿ ತರಲಾಗುವುದಿಲ್ಲವೇ ಎಂದೆ. ಪ್ರತಿ ತಪ್ಪಿಗೂ ನಿಯಮದ ಸಂಖ್ಯೆ ಹೇಳಿದೆ, ಪುಸ್ತಕ ನೋಡದೆ. ಕೊನೆಗೆ, “ನಾನು 24ಕ್ಕೆ ಹೊರಡುವವನು. ನನಗೆ ಯಾವ ಸ್ವಾರ್ಥವೂ ಇಲ್ಲ!” ಎಂದು ಕೂತೆ.

ಚಪ್ಪಾಳೆ ಸುರಿಯಿತು. ಹಿಂದಿನ ಸಾಲು ಎದ್ದು ನಿಂತಿತು. ನನ್ನ ಬೀಳ್ಕೊಡುಗೆ ಸಮಾರಂಭದಲ್ಲೂ ಇಷ್ಟು ಬಿದ್ದಿರಲಿಲ್ಲ.

ಹಿತೇಶ್ ಭಾಯಿ ಎದ್ದರು. ಕಣ್ಣು ತುಂಬಿತ್ತು. ಹನ್ನೊಂದು ವರ್ಷದ ಹಿಂದೆ ತಾವು ಇದೇ ಜಾಗದಲ್ಲಿ ಗೇಟಿನ ಕೀಲು ಕಿರುಗುಟ್ಟುತ್ತದೆ ಎಂದು ಒಂದೇ ಒಂದು ಮಾತು ಆಡಿದ್ದಾಗಿಯೂ, ಅಂದಿನಿಂದ ಸೆಕ್ರೆಟರಿಯಾಗಿ ಇರುವುದಾಗಿಯೂ, ಇನ್ನೊಬ್ಬರು ಬಾಯಿ ತೆರೆಯುವ ದಿನಕ್ಕಾಗಿ ದೇವರಲ್ಲಿ ಬೇಡಿಕೊಂಡಿದ್ದಾಗಿಯೂ ಹೇಳಿದರು. “ಮೈಂ ಪ್ರೊಫೆಸರ್ ಸಾಬ್ ಕಾ ನಾಮ್ ಪ್ರಪೋಸ್ ಕರ್ತಾ ಹೂಂ.”

ಸೂಚಿಸಿ ಮುಗಿಯುವ ಮೊದಲೇ ಇಡೀ ಪಾರ್ಕಿಂಗ್ ಅನುಮೋದಿಸಿತು.

“ನಾನು 24ಕ್ಕೆ ಹೋಗುತ್ತೇನೆ ಎಂದೆನಲ್ಲ!” ಎಂದು ಕೂಗಿದೆ.

“ತೋ ತಬ್ ತಕ್!” ಎಂದರು ಯಾರೋ. ಅಲ್ಲಿಯವರೆಗೆ ಮಾಡಿ ಅಂತ.

ನನ್ನಲ್ಲಿ ಒಂದು ಅಸ್ತ್ರ ಉಳಿದಿತ್ತು. ಸಹಸದಸ್ಯನಾದವನು ಸೆಕ್ರೆಟರಿ ಹುದ್ದೆಗೆ ನಿಲ್ಲಬೇಕಾದರೆ ಫ್ಲಾಟಿನ ಯಜಮಾನರ ಒಪ್ಪಿಗೆ ಬೇಕು. ನಿಯಮ ಸ್ಪಷ್ಟವಾಗಿದೆ. ನಾನೇ ಎದ್ದು ಅದನ್ನು ಓದಿ ಹೇಳಿದೆ. ಎಲ್ಲರೂ ತಿರುಗಿದರು. ನೀಲಾ ಕೊನೆಯ ಸಾಲಿನಲ್ಲಿ ಸಮೋಸ ತಿನ್ನುತ್ತಿದ್ದಳು. ಬೇಡವೆನ್ನು ಎಂದು ಕಣ್ಣಿನಲ್ಲೇ ಹೇಳಿದೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಕಣ್ಣಿನ ಮಾತು ತಿಳಿಯದೇ? ಆಕೆ ನಿಧಾನವಾಗಿ ಬೆರಳು ಒರೆಸಿಕೊಂಡಳು. ನನ್ನನ್ನು ನೋಡಿದಳು.

“ನನ್ನ ತಕರಾರೇನೂ ಇಲ್ಲ,” ಎಂದಳು. ಅದನ್ನೇ ಹಿಂದಿಯಲ್ಲೂ ಹೇಳಿದಳು.

ಹಾರದ ಬದಲು ಚಾವಿಯ ಗೊಂಚಲು ಬಂತು. ಪಂಪ್ ಕೋಣೆ, ಟೆರೇಸು, ಟ್ಯಾಂಕಿನ ಮುಚ್ಚಳ, ಇನ್ನು ಯಾವ್ಯಾವುದೋ. ಹಿತೇಶ್ ಭಾಯಿ ಅದನ್ನು ನನ್ನ ಕೈಗಿಟ್ಟು, ಕೈಯನ್ನು ಮಡಿಸಿ, ಬಹಳ ಹೊತ್ತು ಹಿಡಿದುಕೊಂಡಿದ್ದರು.

ಸೆಪ್ಟೆಂಬರ್ 29, ಸೋಮವಾರ

ಹಿತೇಶ್ ಭಾಯಿ ಬೆಳಗಿನ ಜಾವವೇ ಕುಟುಂಬ ಸಮೇತ ಲೋನಾವಳಕ್ಕೆ ಹೋಗಿದ್ದಾರೆ. ಫೋನ್ ಸ್ವಿಚ್ ಆಫ್.

ದೂಜರು ನನ್ನನ್ನು ಕಂಡದ್ದೇ ಗಲ್ಲಾ ಬಿಟ್ಟು ಎದ್ದು ಬಂದು ಕಾಫಿ ತಾವೇ ತಂದಿಟ್ಟರು. “ನಾನು ಲಿಫ್ಟಿನ ಬಲ್ಬಿನ ಬಗ್ಗೆ ಮಾತಾಡಿದ್ದು ಮಾಷ್ಟ್ರೆ. ಒಂದು ಬಲ್ಬು. ಏಳು ವರ್ಷ ಸೆಕ್ರೆಟರಿ. ಕಡೆಗೆ ಆ ಬಿಲ್ಡಿಂಗೇ ಬಿಟ್ಟು ಬರ್ಬೇಕಾಯ್ತು.”

ದುಡ್ಡು ತೆಗೆದುಕೊಳ್ಳಲಿಲ್ಲ. ಸತ್ತವರ ಮನೆಯವರಿಂದ ತೆಗೆದುಕೊಳ್ಳುವುದಿಲ್ಲವಂತೆ.

ಅಕ್ಟೋಬರ್ 7, ಮಂಗಳವಾರ

ಬಿಡುವಿಲ್ಲ. ಪಾರಿವಾಳಗಳನ್ನು ಓಡಿಸಿ ಜಾಳಿಗೆ ಹಾಕಿಸಿದೆ. ಬೆಂಚು ಹಳೆಯ ಜಾಗಕ್ಕೆ ಬಂತು. ಸ್ಕೂಟರಿನವರು ಎರಡು ದಿನ ಮಾತು ಬಿಟ್ಟಿದ್ದರು, ಇಂದು ಅವರೇ ಅದರ ಮೇಲೆ ಕೂತಿದ್ದರು.

ಜಾಳಿಗೆ ತರಲು ಲೋಕಲ್‌ನಲ್ಲಿ ಹೋಗಿದ್ದೆ. ಭಾರೀ ರಶ್ಶು. ಕೂತಿದ್ದ ಯುವಕನೊಬ್ಬನನ್ನು ಎಲ್ಲಿ ಇಳಿಯುತ್ತೀಯಪ್ಪಾ ಎಂದು ಕೇಳಿದೆ. ಕಿವಿಯಲ್ಲಿ ವೈರು ಸಿಕ್ಕಿಸಿಕೊಂಡು ಉತ್ತರವನ್ನೇ ಕೊಡಲಿಲ್ಲ. ಎಂಥ ಅಹಂಕಾರ! ಎಲ್ಲಿ ಇಳಿಯುತ್ತೇನೆಂದು ಹೇಳಿದರೆ ಗಂಟೇನು ಹೋಗುತ್ತದೆ? ಹೊರ ಊರಿನಿಂದ ಹೊಸದಾಗಿ ಬಂದವನಿರಬೇಕು.

ಅಕ್ಟೋಬರ್ 15, ಬುಧವಾರ

ನಾಲ್ಕನೇ ಮಹಡಿಗೆ ಲಖನೌದಿಂದ ಒಂದು ಸಂಸಾರ ಬಂದಿದೆ. ಆ ಮನುಷ್ಯ ಬಂದ ಮರುದಿನವೇ ನನ್ನ ಬಾಗಿಲಿಗೆ: ನೀರು ಮುಕ್ಕಾಲೇ ಗಂಟೆಯಂತೆ, ಇದು ಯಾವ ಸೀಮೆಯ ವ್ಯವಸ್ಥೆಯಂತೆ. ಮುಕ್ಕಾಲು ಗಂಟೆ ಧಾರಾಳ, ಎರಡು ಡ್ರಮ್ಮು ತಂದಿಟ್ಟುಕೊಳ್ಳಿ, ಸ್ವಲ್ಪ ಅಡ್ಜಸ್ಟ್ ಮಾಡಿ ಎಂದೆ. ಜನಕ್ಕೆ ತಾಳ್ಮೆಯೇ ಇಲ್ಲ. ಅವರಿಗೆ ದೂರು ಪುಸ್ತಕ ತೋರಿಸಿದೆ. ಅಕ್ಷರ ಚೆನ್ನಾಗಿದೆ.

ಶೀತಲ ಈಗ ನನ್ನ ಬೇಹುಗಾರ್ತಿ. ಯಾರ ಮನೆಯ ಕೊಳಾಯಿ ತೊಟ್ಟಿಕ್ಕುತ್ತದೆ, ಯಾರು ಕದ್ದು ಕಾರು ತೊಳೆಯುತ್ತಾರೆ, ಎಲ್ಲ ವರದಿ ಕಾಲೆತ್ತಿಸುವಾಗಲೇ ಮುಗಿಯುತ್ತದೆ.

ಟ್ಯಾಂಕು ತೊಳೆಸಿ, ಚಾವಿ ಒಪ್ಪಿಸಿ, 24ಕ್ಕೆ ಹೊರಡುವುದು. ಟ್ಯಾಂಕಿನವರು 22ಕ್ಕೆ ಬರುತ್ತೇವೆ ಎಂದಿದ್ದಾರೆ. ಪೆಟ್ಟಿಗೆ ಇನ್ನೂ ಕಟ್ಟಿಲ್ಲ.

ಅಕ್ಟೋಬರ್ 21, ಮಂಗಳವಾರ

ದೀಪಾವಳಿ. ನೀಲಾ ಬಾಗಿಲಿಗೆ ತನ್ನ ಲ್ಯಾಬಿನ ಹೊಸ ಹಳದಿ ಹಚ್ಚಿದ್ದಾಳೆ, ಸ್ಯಾಂಪಲ್ ಡಬ್ಬಿಯದು. ಚೆನ್ನಾಗಿದೆ. ಮಳೆಗೆ ಮಾಸುತ್ತದೋ ಇಲ್ಲವೋ ಮುಂದಿನ ಜೂನ್‌ನಲ್ಲಿ ನೋಡಬೇಕು.

ಅಕ್ಟೋಬರ್ 22, ಬುಧವಾರ

ಟ್ಯಾಂಕಿನವರು ಬರಲಿಲ್ಲ. ಹಬ್ಬವಂತೆ! ಫೋನಿನಲ್ಲಿ ಗಂಟಲು ಹರಿಯುವಂತೆ ಬೈದೆ. ಶುಕ್ರವಾರ ಖಂಡಿತ ಎಂದರು. ಶುಕ್ರವಾರವೆಂದರೆ ಶುಕ್ರವಾರವೇ, ನಾನು ಬೆಳಿಗ್ಗೆಯಿಂದ ರಾತ್ರಿಯವರೆಗೆ ಅಲ್ಲೇ ನಿಂತಿರುತ್ತೇನೆ, ಒಂದು ಹೆಜ್ಜೆ ಕದಲುವುದಿಲ್ಲ ಎಂದೆ.

ನೀಲಾ ಅಡುಗೆಮನೆಯಿಂದ ಇಣುಕಿ, ಏನೋ ಹೇಳಲು ಬಾಯಿ ತೆರೆದು, ಮತ್ತೆ ಒಳಗೆ ಹೋದಳು.

ಅಕ್ಟೋಬರ್ 24, ಶುಕ್ರವಾರ

ಇಂಥ ದಿನ ನನ್ನ ಆಯುಷ್ಯದಲ್ಲಿ ಇನ್ನೊಂದಿಲ್ಲ. ಎಂಟಕ್ಕೆ ಬರಬೇಕಾದವರು ಹನ್ನೊಂದಕ್ಕೆ ಬಂದರು. ಟ್ಯಾಂಕು ಖಾಲಿ ಮಾಡಿ ಇಳಿದರೆ ತಳದಲ್ಲಿ ಕ್ರಿಕೆಟ್ ಚೆಂಡುಗಳು, ಒಂದು ಸ್ಟೀಲ್ ಲೋಟ, ಹಿತೇಶ್ ಭಾಯಿಯ ಕನ್ನಡಕ. ಇದೇ ನೀರಿನಲ್ಲಿ ಇಷ್ಟು ದಿನ ಚಹಾ ಕುಡಿದಿದ್ದೇವೆ. ತೊಳೆದದ್ದೇನೋ ಆಯಿತು, ಟ್ಯಾಂಕರ್ ತರಿಸಿ ತುಂಬಿಸಿಯೂ ಆಯಿತು. ಮೇಲೇರಿಸಲು ಹೋದರೆ ಪಂಪು ಹೂಂಕರಿಸಿತು, ನೀರು ಎತ್ತಲಿಲ್ಲ.

ಮಧ್ಯಾಹ್ನ ಎರಡು. ಆರು ಮಹಡಿ, ಒಂದು ಹನಿ ನೀರಿಲ್ಲ. ಕಿಟಕಿಗಳಿಂದ ಜನ ನನ್ನ ಹೆಸರು ಹಿಡಿದು ಕೂಗತೊಡಗಿದರು. ಸಿಕಂದರನಿಗೆ ಫೋನ್ ಮಾಡಿದೆ.

“ರಸ್ತೇದಾಗ ಅದೀನ್ರಿ ಸರ!”

“ಯಾವ ರಸ್ತೆಯಪ್ಪಾ?”

“ಅದ ನೋಡಾಕತ್ತೀನ್ರಿ.”

ಶೀತಲ ಮನೆಮನೆಗೆ ಹೋಗಿ ಯಾರ ಡ್ರಮ್ಮಿನಲ್ಲಿ ಎಷ್ಟಿದೆ ಎಂದು ನೋಡಿ ಬಂದು, ಇದ್ದವರಿಂದ ಇಲ್ಲದವರಿಗೆ ಬಕೆಟ್ ಸಾಗಿಸಿದಳು. ಲಖನೌದವರಿಗೂ ಮೂರು ಬಕೆಟ್ ಹೋಯಿತು. ದೂಜರು ಹೋಟೆಲಿನಿಂದ ಕುಡಿಯುವ ನೀರಿನ ಕ್ಯಾನುಗಳನ್ನು ಕಳಿಸಿದರು. ಜೊತೆಗೆ ನನಗೆ ಒಂದು ಪ್ಲೇಟ್ ಇಡ್ಲಿ, ಸಾಂಬಾರು. ನಿಂತೇ ತಿಂದೆ. ಬೆಲ್ಲ ಸ್ವಲ್ಪ ಕಡಿಮೆ ಅನಿಸಿತು.

ಈ ಗಲಾಟೆಯ ನಡುವೆ, ಕೈಯೆಲ್ಲ ಒದ್ದೆ ಇರುವಾಗ, ಮೊಬೈಲಿಗೆ ರೈಲ್ವೆ ಹೆಸರಿನಲ್ಲಿ ಒಂದು ಮೆಸೇಜು: ಚಾರ್ಟ್ ತಯಾರಾಗಿದೆ, ಕೋಚ್ ಇಂಥದ್ದು, ಬರ್ತ್ ಇಂಥದ್ದು. ಈ ಮೋಸಗಾರರಿಗೆ ಹೊತ್ತು ಗೊತ್ತು ಇಲ್ಲ. ಅಳಿಸಿ ಹಾಕಿದೆ. ಸುಮ್ಮನಿರುವುದು ಸೆಕ್ರೆಟರಿಗೆ ಶೋಭಿಸುವುದಿಲ್ಲವಾದ್ದರಿಂದ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ, “ಎಚ್ಚರಿಕೆ! ರೈಲ್ವೆ ಹೆಸರಿನಲ್ಲಿ ನಕಲಿ ಸಂದೇಶ ಬರುತ್ತಿವೆ, ಯಾರೂ ನಂಬಬೇಡಿ” ಎಂದು ಮೂರು ಭಾಷೆಯಲ್ಲಿ ಹಾಕಿದೆ. ಆ ಗುಂಪಿನಲ್ಲಿ ಇದುವರೆಗೆ ಒಂದಕ್ಷರ ಬರೆಯದ ನೀಲಾ ಆಫೀಸಿನಿಂದಲೇ ಅದಕ್ಕೆ ಹೆಬ್ಬೆರಳು ಒತ್ತಿದ್ದಾಳೆ. ಮನೆಯವರ ಬೆಂಬಲ ದೊಡ್ಡದು.

ಸಿಕಂದರ ಆರಕ್ಕೆ ಬಂದ. ಪೈಪಿನ ಬಾಯಿಗೆ ಯಾರದೋ ಹವಾಯಿ ಚಪ್ಪಲಿ ಅಡ್ಡ ಕೂತಿತ್ತು. ಎಳೆದು ಹಾಕಿ, ಇನ್ನೇನೋ ಬಿಚ್ಚಿ, ಮತ್ತೆ ಕೂಡಿಸುವಷ್ಟರಲ್ಲಿ ಕತ್ತಲಾಯಿತು. ಒಂಬತ್ತಕ್ಕೆ ಪಂಪು ಶುರುವಾಯಿತು. ಮೇಲಿನ ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳಿ ಆರೂ ಮಹಡಿಗಳಿಂದ ಕೂಗು, ಸೀಟಿ, ಚಪ್ಪಾಳೆ. ಹಿತೇಶ್ ಭಾಯಿ ಓಡಿಬಂದು ಅಪ್ಪಿಕೊಂಡರು. ಕನ್ನಡಕ ಕೊಟ್ಟೆ. ಹಾಕಿಕೊಂಡು ನೋಡಿದರು, ನಂಬರು ಹೊಂದಲಿಲ್ಲ.

ಮೇಲೆ ಬಂದಾಗ ನೀಲಾ ಬಿಸಿನೀರು ಕಾಯಿಸಿಟ್ಟಿದ್ದಳು. ಸ್ನಾನ ಮಾಡಿ ಬಂದೆ. ಇಂದು ಹೋಳಿಗೆ ಮಾಡಿದ್ದಳು, ಹಬ್ಬ ಮುಗಿದು ಮೂರು ದಿನವಾದ ಮೇಲೆ, ಆಫೀಸಿನಿಂದ ಬಂದು, ಅದೂ ನೀರಿಲ್ಲದ ದಿನ. ಯಾಕೆಂದು ಕೇಳಿದರೆ, ಮನಸ್ಸಾತು, ಅಂದಳು. ತುಪ್ಪ ಹಾಕುತ್ತಾ ಗೋಡೆಯ ಗಡಿಯಾರ ನೋಡಿದಳು. ಹತ್ತು ದಾಟಿತ್ತು.

“ಇವತ್ತ ತಾರೀಖು ಎಷ್ಟ್ರೀ?”

“ಇಪ್ಪತ್ನಾಕು. ಯಾಕ?”

“ಏನಿಲ್ಲ. ಸುಮ್ನ ಕೇಳಿದೆ. ನಾಳೆ ಆಫೀಸಿನಾಗ ಒಂದು ಮಾತು ಹೇಳೂದದ.”

ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು; ದಣಿದವರಿಗೆ ಹಾಗಾಗುತ್ತದೆ. ಏನು ಮಾತು ಎಂದು ಕೇಳಬೇಕೆನ್ನುವಷ್ಟರಲ್ಲಿ ಲಖನೌದವರ ಫೋನು: ನೀರೇನೋ ಬಂತು, ಆದರೆ ಕೆಂಪಗಿದೆಯಂತೆ. ಹೊಸಬರು, ಹೆದರಿಬಿಟ್ಟಿದ್ದಾರೆ. ಚಾವಿ ತೆಗೆದುಕೊಂಡು ಇಳಿಯುತ್ತಿದ್ದೇನೆ.